ಪಾಕದ ಎಳೆ, ನೈಲಾನಿನ ಎಳೆ

ಹೆಣ್ಣುಮಕ್ಕಳಿಗೆ ಭೌತಶಾಸ್ತ್ರವೇಕೆ, ಗೃಹವಿಜ್ಞಾನವಿದ್ದರೆ ಸಾಲದೇ ಎಂದು ಕೆಲವು ತಾಯ್ತಂದೆಗಳು ಈಗಲೂ ಕೇಳುವುದುಂಟು. ಈ ಎರಡರ ನಡುವಣ ಗೋಡೆಯು ಅಡಿಗೆಮನೆಯು ಕಟ್ಟಿದ್ದಲ್ಲ. ಕರಗಿದ ಪದಾರ್ಥವನ್ನು ಎಳೆದರೆ ಅದು ಹೇಗೆ ನೀಳವಾಗುತ್ತದೆ, ಯಾವಾಗ ಕಡಿಯುತ್ತದೆ ಎಂಬ ಒಂದು ವಿಷಯವನ್ನೇ ನೋಡೋಣ.

ಲಾಡು ಕಟ್ಟುವವಳು ಪಾಕವನ್ನು ಎರಡು ಬೆರಳುಗಳ ನಡುವೆ ಹಿಡಿದು, ಒಂದೆಳೆ ಬಂದಿತೋ ಎರಡೆಳೆ ಬಂದಿತೋ ಎಂದು ಪರೀಕ್ಷಿಸುವಳು. ಪದರದ ಮೇಲೆ ಪದರವು ಜಾರುವಾಗ ದ್ರವವು ಒಡ್ಡುವ ತಡೆಗಿಂತ, ಅದನ್ನು ಉದ್ದಕ್ಕೆ ಎಳೆಯುವಾಗ ಒಡ್ಡುವ ತಡೆಯು ಮೂರು ಪಟ್ಟು ಎಂದು 1906ರಲ್ಲಿ ಟ್ರೌಟನ್ ಎಂಬ ವಿಜ್ಞಾನಿಯು ತೋರಿಸಿಕೊಟ್ಟರು. ಪಾಕಕ್ಕೂ ಜೇನಿಗೂ ಈ ಲೆಕ್ಕವು ಸಾಕು.

ಪಾಲಿಮರುಗಳ ನಡತೆಯೇ ಬೇರೆ. ಸಕ್ಕರೆಯ ಅಣು ಚಿಕ್ಕದು. ಪಾಲಿಮರಿನ ಅಣುವಾದರೋ ಸಾವಿರಾರು ಕೊಂಡಿಗಳ ಸರಪಣಿ. ಜರ್ಮನ್ ರಸಾಯನಜ್ಞರಾದ ಸ್ಟೌಡಿಂಗರ್ 1920ರಲ್ಲಿ ಹೀಗೆಂದಾಗ ಪಂಡಿತರನೇಕರು ನಂಬಲಿಲ್ಲ. 1953ರಲ್ಲಿ ಅವರಿಗೆ ನೊಬೆಲ್ ಬಹುಮಾನವು ದೊರೆಯಿತು. ಕರಗಿದ ಪಾಲಿಮರಿನಲ್ಲಿ ಈ ಸರಪಣಿಗಳು ಎಣ್ಣೆ ಕಾಣದ ಕೂದಲಿನಂತೆ ಸಿಕ್ಕುಗಟ್ಟಿರುತ್ತವೆ. ನಿಧಾನವಾಗಿ ಬಾಚಿದರೆ ಕೂದಲು ಜಾರಿ ಬಿಡಿಸಿಕೊಳ್ಳುವುದು. ಜಗ್ಗಿದರೆ ಏನಾಗುವುದೆಂದು, ಪ್ರಾರ್ಥನೆಯ ಗಂಟೆ ಬಾರಿಸಿದ ಮೇಲೆ ತಲೆ ಬಾಚಿಕೊಂಡ ನಮ್ಮ ಹಾಸ್ಟೆಲಿನ ಹುಡುಗಿಯರಿಗೆ ವಿವರಿಸಬೇಕಾದುದಿಲ್ಲ. ಪಾಲಿಮರಿನ ಸರಪಣಿಗಳಿಗೂ ಜಾರುವಷ್ಟು ವೇಳೆಯನ್ನು ಕೊಟ್ಟು ಎಳೆದರೆ ಅದು ದ್ರವದಂತೆ ಹರಿಯುತ್ತದೆ. ವೇಳೆ ಕೊಡದೆ ಎಳೆದರೆ ರಬ್ಬರಿನಂತೆ ಸೆಟೆದುಕೊಳ್ಳುತ್ತದೆ. ಮಿತಿಮೀರಿದರೆ ಫಕ್ಕನೆ ಕಡಿಯುತ್ತದೆ.

ಇನ್ನೊಂದು ಸೋಜಿಗವಿದೆ. ಎಳೆಯ ಒಂದು ಭಾಗವು ತುಸು ತೆಳುವಾದರೆ, ಅದೇ ಭಾಗವು ಹೆಚ್ಚು ಬೇಗನೆ ಎಳೆಯಲ್ಪಟ್ಟು ಅಲ್ಲಿಯೇ ಕಡಿಯಬೇಕಷ್ಟೆ. ಆದರೆ 1933ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿಯಲ್ಪಟ್ಟ ಬಗೆಯ ಪಾಲಿಥೀನಿನ ಸರಪಣಿಗಳಲ್ಲಿ ಉದ್ದವಾದ ಕವಲುಗಳಿರುವುದರಿಂದ ಅವು ಸುಲಭವಾಗಿ ಜಾರಲಾರವು. ಆದಕಾರಣ ತೆಳುವಾದ ಭಾಗವೇ ಹೆಚ್ಚು ಬಿಗಿದು, ಎಳೆತವನ್ನು ಪಕ್ಕದ ದಪ್ಪ ಭಾಗಕ್ಕೆ ದಾಟಿಸುತ್ತದೆ. ಪಾಲಿಥೀನ್ ಹಾಳೆಯನ್ನು ಮಾಡುವಾಗ, ಕರಗಿದ ಪದಾರ್ಥದೊಳಗೆ ಗಾಳಿಯನ್ನು ತುಂಬಿ ದೊಡ್ಡ ಗುಳ್ಳೆಯಂತೆ ಉಬ್ಬಿಸುವರು. ಆ ಗುಳ್ಳೆಯು ಒಡೆಯದೆ ನಿಲ್ಲುವುದಕ್ಕೆ ಈ ಗುಣವು ಬಹಳ ನೆರವಾಗುತ್ತದೆ. (ಅದೇ ಹಾಳೆಯು ಈಗ ನಮ್ಮ ಚರಂಡಿಗಳಲ್ಲಿ ಕಟ್ಟಿಕೊಂಡಿರುವ ಕಥೆಯು ಬೇರೆ.)

1930ರಲ್ಲಿ ಅಮೆರಿಕದ ಡ್ಯುಪಾಂಟ್ ಪ್ರಯೋಗಶಾಲೆಯಲ್ಲಿ ಕರೋದರ್ಸರ ಸಹಾಯಕರಾದ ಹಿಲ್ ಎಂಬವರು ಕರಗಿದ ಪಾಲಿಯೆಸ್ಟರಿನಿಂದ ಗಾಜಿನ ಕಡ್ಡಿಯೊಂದಿಗೆ ಎಳೆಯನ್ನು ಮೇಲೆತ್ತಿದರು. ಆರಿದ ಮೇಲೆ ಆ ಎಳೆಯನ್ನು ಮತ್ತೆ ಎಳೆಯಲು, ಅದು ಹಲವು ಪಟ್ಟು ಉದ್ದವಾಗಿ ಬಲವನ್ನು ಹೊಂದಿತು. ಸರಪಣಿಗಳು ಸಾಲುಗೂಡಿದ್ದೇ ಇದರ ಗುಟ್ಟು. ನೈಲಾನು ಹುಟ್ಟಿದ್ದು 1935ರಲ್ಲಿ. ಸೌಟಿನಿಂದ ಪಾಕವನ್ನೆತ್ತಿ ನೋಡುವ ನಮ್ಮ ಹೆಂಗಸರ ಕೈಗೂ ಹಿಲ್ಲರ ಕೈಗೂ ನಾನು ಹೆಚ್ಚಿನ ಭೇದವನ್ನು ಕಾಣೆ. ಹೀಗಿರಲು, ಎಳೆಯನ್ನು ನೋಡಬಲ್ಲವಳಿಗೆ ಅದರ ಕಾರಣವನ್ನು ಹೇಳಿಕೊಡದಿರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಎಂಟನೆಯ ತರಗತಿಯ ಮುಂದಕ್ಕೆ ಮಗಳಿಗೆ ವಿಜ್ಞಾನವು ಭಾರವೆನ್ನುವವರು ಆ ಭಾರವನ್ನು ಅವಳಿಂದಲೇ ಕೇಳಿ ತಿಳಿಯಲಿ.

ಪೋಷಕರು ಮನೆಯಲ್ಲಿಯೇ ಪ್ರಯೋಗ ಮಾಡಬಹುದು. ಒಂದು ಬಟ್ಟಲಲ್ಲಿ ಜೇನು, ಇನ್ನೊಂದರಲ್ಲಿ ಬೆಂಡೆಕಾಯಿಯ ಲೋಳೆ. ಲೋಳೆಯು ಕರಗಿದ ಪಾಲಿಮರಲ್ಲವಾದರೂ ನೀರಿನಲ್ಲಿ ಬೆರೆತ ಪಾಲಿಮರೇ ಆಗಿದೆ. ಜೇನಿಗಿಂತ ಎಷ್ಟೋ ತೆಳ್ಳಗಿದ್ದರೂ ಎಳೆಬಿಡುವುದನ್ನು ಮಾತ್ರ ಬಿಡದು. ಏಕೆಂದು ಮಗಳನ್ನು ಕೇಳಿರಿ.