ದಿನಾ ಓಡುವ ಗಾಡಿಗೆ ರೇಸಿನ ಕ್ಯಾಮ್ ಬೇಕಾ?

ಇಂಡಿ ಹತ್ತಿರದ ಹಳ್ಳಿಯಿಂದ ನಮ್ಮ ಕಾಕಾನ ಮಗ ಫೋನ್ ಮಾಡಿದ್ದ. "ಅಣ್ಣಾ, ಗಾಡಿಗಿ ಕ್ಯಾಮ್ ಹಾಕಸ್ಬೇಕಂತ ಮಾಡೀನಿ. ನೀ ಏನಂತಿ?"

ಅವನ ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ 2019ರ ಪೆಟ್ರೋಲ್ ಸ್ವಿಫ್ಟ್. ಅದರಲ್ಲೇ ಲಿಂಬಿ ಚೀಲ ಇಂಡಿ ಮಾರ್ಕೆಟ್ಟಿಗೆ ಹೋಗ್ತಾವ. ಅದರಲ್ಲೇ ಕಾಕು ತಿಂಗಳಿಗೊಮ್ಮೆ ವಿಜಯಪುರದ ದವಾಖಾನೆಗೆ ಹೋಗ್ತಾಳ. ರಾತ್ರಿ ಹೊತ್ತು ಓಣಿಯಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೆ ಮೊದಲು ತಟ್ಟುವುದು ಇವನ ಬಾಗಿಲನ್ನೇ.

ಫೋನಿನಲ್ಲಿ ರೀಲ್ಸ್ ನೋಡಿದ್ದಾನೆ. ನಿಂತಲ್ಲೇ ಗಡಗಡ ಎನ್ನುವ ಕಾರು, ಕಾಲಿಟ್ಟರೆ ಕೂಗುವ ಎಂಜಿನ್. ದೊಡ್ಡ ಊರಿನ ಒಬ್ಬ ಟ್ಯೂನಿಂಗ್‌ನವನು ಕ್ಯಾಮ್, ಸ್ಪ್ರಿಂಗ್, ಕಂಪ್ಯೂಟರ್ ಸೆಟ್ಟಿಂಗ್, ಕೂಲಿ ಎಲ್ಲ ಸೇರಿಸಿ ಹೇಳಿದ ರೇಟು ಹೆಚ್ಚುಕಡಿಮೆ ಒಂದು ಜೋಡಿ ಎತ್ತಿನ ರೊಕ್ಕ. ಅಷ್ಟು ರೊಕ್ಕ ಹಾಕುವ ಮೊದಲು ಏನು ಕೊಳ್ಳುತ್ತಿದ್ದೇವೆ ಅನ್ನುವುದು ಗೊತ್ತಿರಬೇಕು. ಅದಕ್ಕೇ ಈ ಬರಹ.

ಕ್ಯಾಮ್ ಅಂದರೆ ಏನು?

ಮಳೆಗಾಲದಲ್ಲಿ ಆಲಮಟ್ಟಿಗೆ ಹೋದವರು ಅಲ್ಲಿನ 26 ಗೇಟು ನೋಡಿರುತ್ತೀರಿ. ಯಾವ ಗೇಟು ಯಾವಾಗ ಏಳಬೇಕು, ಎಷ್ಟು ಎತ್ತರ ಏಳಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದರ ಮೇಲೆ ನೀರಿನ ಲೆಕ್ಕ ನಿಂತಿದೆ. ಎಂಜಿನ್ನಿನ ವಾಲ್ವ್‌ಗಳೂ ಗೇಟುಗಳೇ. ಒಂದರಿಂದ ಗಾಳಿ-ಪೆಟ್ರೋಲ್ ಒಳಗೆ ಬರುತ್ತದೆ, ಇನ್ನೊಂದರಿಂದ ಹೊಗೆ ಹೊರಗೆ ಹೋಗುತ್ತದೆ. ಈ ಗೇಟು ಎತ್ತುವ ಕೆಲಸ ಕ್ಯಾಮ್‌ಶಾಫ್ಟಿನದು. ಮೊಟ್ಟೆಯಾಕಾರದ ಉಬ್ಬುಗಳಿರುವ ಲೋಹದ ದಂಡ ಅದು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು ತಿರುಗುತ್ತದೆ.

ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಒಂದೊಂದು ವಾಲ್ವ್ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ಅಷ್ಟು ಗಡಿಬಿಡಿಯಲ್ಲಿ ಸಿಲಿಂಡರ್ ಪೂರಾ ತುಂಬಲು ಟೈಮ್ ಸಾಲುವುದಿಲ್ಲ. ಹಾಗಾಗಿ ರೇಸಿನ ಕ್ಯಾಮ್ ವಾಲ್ವನ್ನು ಜಾಸ್ತಿ ಎತ್ತುತ್ತದೆ, ಜಾಸ್ತಿ ಹೊತ್ತು ತೆರೆದಿಡುತ್ತದೆ. ಮೇಲಿನ ಸುತ್ತಿನಲ್ಲಿ ಶಕ್ತಿ ಬರುವುದು ಹೀಗೆ. ಇದರಲ್ಲಿ ಸುಳ್ಳಿಲ್ಲ.

ಆದರೆ ಅದೇ ಕ್ಯಾಮ್ ಹಾಕಿಕೊಂಡು ನೀವು 1500 ಸುತ್ತಿನಲ್ಲಿ ಹೊರಟರೆ? ಪಿಸ್ಟನ್ ಮೇಲೆ ಬರತೊಡಗಿದರೂ ಗೇಟು ಇನ್ನೂ ತೆರೆದೇ ಇರುತ್ತದೆ. ಒಳಗೆ ಎಳೆದುಕೊಂಡ ಗಾಳಿ-ಪೆಟ್ರೋಲಿನಲ್ಲಿ ಒಂದಿಷ್ಟು ವಾಪಸ್ ಹೋಗುತ್ತದೆ. ಅದರ ಮೇಲೆ ಎರಡೂ ಗೇಟು ಒಟ್ಟಿಗೆ ತೆರೆದಿರುವ ಹೊತ್ತು ಹೆಚ್ಚಾಗಿ, ಸುಟ್ಟ ಹೊಗೆ ಹೊಸ ಗಾಳಿಯ ಜೊತೆ ಕಲೆಯುತ್ತದೆ. ರೀಲ್ಸಿನಲ್ಲಿ ನಮ್ಮ ಹುಡುಗರು ಮರುಳಾಗುವ ಆ ಗಡಗಡ ಸದ್ದು ಇದೇ. ಸರಿಯಾಗಿ ಉಸಿರಾಡಲಾಗದೆ ಒದ್ದಾಡುವ ಎಂಜಿನ್ನಿನ ಸದ್ದು.

ನಮ್ಮ ರಸ್ತೆ, ನಮ್ಮ ಸುತ್ತು

ಈಗ ನಾವು ಗಾಡಿ ಎಲ್ಲಿ ಓಡಿಸುತ್ತೇವೆ ನೋಡಿ. ಸಿಂದಗಿಯಿಂದ ವಿಜಯಪುರಕ್ಕೆ ರಾಷ್ಟ್ರೀಯ ಹೆದ್ದಾರಿ 50 ಇದೆ, ಅಲ್ಲಿ ವೇಗ ಸಿಗುತ್ತದೆ ಅನ್ನಿ. ಆದರೆ ಹೆದ್ದಾರಿ ಬಿಟ್ಟು ಒಳಗೆ ಇಳಿದರೆ? ಬಸವನ ಬಾಗೇವಾಡಿ ಸಂತೆಯ ದಿನ, ಮುದ್ದೇಬಿಹಾಳದ ಬಸ್ ಸ್ಟ್ಯಾಂಡ್ ಎದುರು, ಇಂಡಿಯಿಂದ ತೋಟಕ್ಕೆ ಹೋಗುವ ಕಚ್ಚಾ ರಸ್ತೆಯಲ್ಲಿ, ಎರಡನೇ ಗೇರು ಮೂರನೇ ಗೇರಿನಲ್ಲೇ ದಿನ ಕಳೆಯುತ್ತದೆ. ನಮ್ಮ ಎಂಜಿನ್ ಹೆಚ್ಚಿನ ಹೊತ್ತು ಬದುಕುವುದು 1500ರಿಂದ 3000 ಸುತ್ತಿನ ಒಳಗೆ.

ತಮ್ಮನ ಸ್ವಿಫ್ಟಿನ 1.2 ಲೀಟರ್ ಎಂಜಿನ್ ಕಂಪನಿಯ ಲೆಕ್ಕದಲ್ಲಿ 6000 ಸುತ್ತಿನಲ್ಲಿ 83 ಪಿಎಸ್ ಶಕ್ತಿ ಕೊಡುತ್ತದೆ. ಎಳೆಯುವ ಬಲ, ಅಂದರೆ ಟಾರ್ಕ್, 4200 ಸುತ್ತಿನಲ್ಲಿ 113 ಎನ್ಎಂ. ಅಂದರೆ ಈ ಗಾಡಿಯ ತಾಕತ್ತು ಈಗಾಗಲೇ ನಾವು ಓಡಿಸುವ ಸುತ್ತಿಗಿಂತ ಮೇಲಿದೆ. ರೇಸಿನ ಕ್ಯಾಮ್ ಹಾಕಿದರೆ ಅದು ಇನ್ನೂ ಮೇಲೆ ಹೋಗುತ್ತದೆ, ಕೆಳಗಿನದು ಇನ್ನೂ ಕಡಿಮೆಯಾಗುತ್ತದೆ.

ತಮ್ಮನ ದೊಡ್ಡ ವಾದ ಏನಿತ್ತು ಗೊತ್ತಾ? "ಕಬ್ಬಿನ ಸೀಜನ್‌ದಾಗ ಡಬಲ್ ಟ್ರಾಲಿ ಟ್ರ್ಯಾಕ್ಟರ್ ದಾಟ್ಬೇಕಂದ್ರ ಪಿಕಪ್ ಬೇಕಣ್ಣಾ." ಮಾತು ಖರೆ. ಆ ಟ್ರಾಲಿಗಳ ಹಿಂದೆ ಸಿಕ್ಕಿಕೊಂಡವರಿಗೇ ಅದರ ಸಂಕಟ ಗೊತ್ತು. ಆದರೆ 50ರ ವೇಗದಲ್ಲಿ ಹೋಗುತ್ತಿದ್ದು ಟ್ರಾಲಿ ದಾಟಲು ಬೇಕಾಗುವುದು ನಡುವಿನ ಸುತ್ತಿನ ಬಲ. ರೇಸಿನ ಕ್ಯಾಮ್ ಕಿತ್ತುಕೊಳ್ಳುವುದು ಅದನ್ನೇ. ಪಿಕಪ್ ಬೇಕೆಂದು ಹಾಕಿಸಿ, ಎದುರಿಗೆ ಲಾರಿ ಬರುವಾಗ ಪಿಕಪ್ ಇಲ್ಲದೆ ಸಿಕ್ಕಿಬೀಳುವ ವ್ಯಾಪಾರ ಇದು. ಮೂರನೇ ಗೇರಿಗೆ ಇಳಿಸಿ ದಾಟುವುದನ್ನು ಕಲಿತರೆ ಪುಕ್ಕಟೆ ಪಿಕಪ್ ಸಿಗುತ್ತದೆ.

ಬ್ರೇಕಿನ ಮಾತು

ಇದನ್ನು ಮಾರುವವರು ಹೇಳುವುದಿಲ್ಲ. ಪೆಟ್ರೋಲ್ ಕಾರಿನಲ್ಲಿ ಬ್ರೇಕ್ ಪೆಡಲ್ ಹಗುರ ಇರಲು ಕಾರಣ ಎಂಜಿನ್ ಗಾಳಿ ಎಳೆಯುವಾಗ ಹುಟ್ಟುವ ವ್ಯಾಕ್ಯೂಮ್. ಅದೇ ಬ್ರೇಕ್ ಬೂಸ್ಟರಿಗೆ ಬಲ. ಜೋರು ಕ್ಯಾಮ್ ಹಾಕಿದರೆ ಐಡಲ್‌ನಲ್ಲಿ ಆ ವ್ಯಾಕ್ಯೂಮ್ ಇಳಿಯುತ್ತದೆ. ಸಂದಿಯಲ್ಲಿ ನಿಧಾನ ಹೋಗುವಾಗ ಎರಡು-ಮೂರು ಸಲ ಬ್ರೇಕ್ ಒತ್ತಿದರೆ ಪೆಡಲ್ ಕಲ್ಲಿನಂತಾಗಬಹುದು. ಬಾಗೇವಾಡಿ ಕಡೆಯ ಗೆಳೆಯನೊಬ್ಬ ಹಳೇ ಕಾರಿಗೆ ಹೀಗೇ ಕ್ಯಾಮ್ ಹಾಕಿಸಿದ್ದ. ನಾನು ಅದರಲ್ಲಿ ಕೂತಿದ್ದೇನೆ. ಎಸಿ ಹಾಕಿದರೆ ಗಾಡಿ ನಿಂತಲ್ಲೇ ಬಂದ್. ಬ್ರೇಕಿಗೆ ಎರಡೂ ಕಾಲು ಬೇಕೇನೋ ಅನಿಸುತ್ತಿತ್ತು. ಸಂತೆಯಲ್ಲಿ ಹುಡುಗನೊಬ್ಬ ಅಡ್ಡ ಬಂದಾಗ ಅವನು ಗಾಡಿ ನಿಲ್ಲಿಸಿದ್ದು ಹ್ಯಾಂಡ್ ಬ್ರೇಕ್ ಎಳೆದು. ಆರು ತಿಂಗಳಿಗೆ ಹಳೇ ಕ್ಯಾಮ್ ವಾಪಸ್ ಹಾಕಿಸಿದ.

ಎಂಜಿನ್ನಿನ ಕಂಪ್ಯೂಟರ್ ಬಹಳ ಗಾಡಿಗಳಲ್ಲಿ ಇದೇ ವ್ಯಾಕ್ಯೂಮ್ ನೋಡಿ ಪೆಟ್ರೋಲ್ ಅಳೆಯುತ್ತದೆ. ಕ್ಯಾಮ್ ಬದಲಿಸಿ ಕಂಪ್ಯೂಟರ್ ಬದಲಿಸದಿದ್ದರೆ ಲೆಕ್ಕ ತಪ್ಪುತ್ತದೆ. ಮೈಲೇಜ್ ಬೀಳುತ್ತದೆ, ಹೊಗೆ ತಪಾಸಣೆಯಲ್ಲೂ ತೊಂದರೆಯಾಗುತ್ತದೆ.

ಬೊಲೆರೊ, ಕ್ರೂಸರ್ ಇದ್ದವರಿಗೆ

ಡೀಸೆಲ್ ಗಾಡಿಯವರು ಈ ಆಸೆಯನ್ನೇ ಬಿಡಿ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಹೆಡ್ಡಿಗೆ ತೀರಾ ಹತ್ತಿರ ಬರುತ್ತದೆ. ವಾಲ್ವ್ ಸ್ವಲ್ಪ ಜಾಸ್ತಿ ಎದ್ದರೂ ಬಡಿಯುವ ಭಯ. ಅದೂ ಅಲ್ಲದೆ ಬಿಎಸ್-6 ಬೊಲೆರೊ 1600ರಿಂದ 2200 ಸುತ್ತಿನ ಒಳಗೇ 210 ಎನ್ಎಂ ಬಲ ಕೊಡುತ್ತದೆ. ನಮ್ಮ ರಸ್ತೆಗೆ ಹೇಳಿ ಮಾಡಿಸಿದ ಹಾಗಿದೆ. ಬಿತ್ತಿಗೆಯ ದಿನ ಆಳು ತುಂಬಿಕೊಂಡು ಹೊಲಕ್ಕೆ ಹೋಗುವ ಗಾಡಿಗೆ ಬೇಕಾದದ್ದೂ ಅದೇ.

ಕಾನೂನು

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಕಂಪನಿ ಮಾಡಿಕೊಟ್ಟ ವಿವರಕ್ಕೂ ಆರ್‌ಸಿ ಬುಕ್ಕಿನ ವಿವರಕ್ಕೂ ತಾಳೆಯಾಗದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಾಯಿತು. ಕ್ಯಾಮ್ ಎಂಜಿನ್ ಒಳಗಿರುತ್ತದೆ, ಯಾರಿಗೆ ಕಾಣುತ್ತದೆ ಅನ್ನಬಹುದು. ಅಪಘಾತವಾಗಿ ವಿಮೆ ಕೇಳಲು ಹೋದಾಗ ಪ್ರಶ್ನೆ ಏಳುತ್ತದೆ. ಆಗ ಉತ್ತರ ಕೊಡಬೇಕಾದವರು ಮನೆಯವರು.

ಹಂಗಾದ್ರ ಹಾಕಿಸಲೇ ಬಾರದಾ?

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಮನೆಗೆ ಒಂದೇ ಗಾಡಿ ಇದ್ದರೆ, ಅದೇ ದಿನಾ ಓಡಬೇಕಿದ್ದರೆ, ಕಂಪನಿಯ ಕ್ಯಾಮೇ ಸರಿ. ಜಾತ್ರೆಯ ಓಟಕ್ಕೆ ಸಾಕಿದ ಎತ್ತನ್ನು ಯಾರೂ ಗಳೇ ಹೊಡೆಯಲು ಹೂಡುವುದಿಲ್ಲ. ಓಟದ ಎತ್ತಿನ ಮೇಲೆ ನನಗೆ ಸಿಟ್ಟಿಲ್ಲ. ಅದರ ಜಾಗ ಬೇರೆ.

ಇನ್ನೊಂದು ಮಾತು. ತಮ್ಮನ ಕಾರಿನಲ್ಲಿ ವಿವಿಟಿ ಇದೆ. ಸುತ್ತು ನೋಡಿಕೊಂಡು ಒಳಗಿನ ಕ್ಯಾಮಿನ ಟೈಮಿಂಗನ್ನು ಗಾಡಿ ತಾನೇ ಹಿಂದೆಮುಂದೆ ಮಾಡಿಕೊಳ್ಳುತ್ತದೆ. 1989ರಲ್ಲಿ ಹೋಂಡಾದವರು ಇಂಟೆಗ್ರಾ ಕಾರಿನಲ್ಲಿ ತಂದ ವಿಟೆಕ್ ಕೂಡ ಇದೇ ಯೋಚನೆಯದು. ನಿಧಾನಕ್ಕೆ ಒಂದು ಉಬ್ಬು, ವೇಗಕ್ಕೆ ಇನ್ನೊಂದು ಉಬ್ಬು. ರಸ್ತೆಯ ಗಾಡಿಗೆ ಎರಡೂ ಬೇಕು ಅನ್ನುವುದು ಗೊತ್ತಿದ್ದೇ ಎಂಜಿನಿಯರ್‌ಗಳು ಇಷ್ಟು ತಲೆ ಕೆಡಿಸಿಕೊಂಡಿದ್ದು.

ಮನೆಯಲ್ಲಿ ಬೇರೆ ಗಾಡಿ ಇದೆ, ಹಳೇ ಪೆಟ್ರೋಲ್ ಕಾರೊಂದನ್ನು ಹವ್ಯಾಸಕ್ಕೆ ಇಟ್ಟಿದ್ದೀರಿ, ಕಾಗದಪತ್ರ ವಿಚಾರಿಸಿದ್ದೀರಿ ಅನ್ನಿ. ಆಗಲೂ ಕಂಪನಿಯದಕ್ಕಿಂತ ಒಂದೇ ಮೆಟ್ಟಿಲು ಮೇಲಿನದನ್ನು ಆರಿಸಿ. ಮಾರುವವನಿಗೆ ಇಷ್ಟು ಕೇಳಿ:

1. ಶಕ್ತಿ ಎಷ್ಟು ಸುತ್ತಿನಿಂದ ಶುರುವಾಗುತ್ತದೆ? 4000 ಅಂದರೆ ಕೈಮುಗಿದು ಬನ್ನಿ.

2. ಎಷ್ಟು ಡಿಗ್ರಿ? ಅಳೆದದ್ದು ವಾಲ್ವ್ ಎಷ್ಟು ಎದ್ದಾಗ? ಅಳತೆಯ ರೀತಿ ಕಂಪನಿಗೊಂದು. ಅದು ಗೊತ್ತಿಲ್ಲದೆ ಒಂದರ 260 ಡಿಗ್ರಿಯನ್ನು ಇನ್ನೊಂದರ 260ಕ್ಕೆ ಹೋಲಿಸಬೇಡಿ.

3. ಹಳೇ ಸ್ಪ್ರಿಂಗ್ ತಾಳುತ್ತದೆಯೇ? ವಾಲ್ವಿಗೂ ಪಿಸ್ಟನ್ನಿಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ, ಅಳೆದು ತೋರಿಸುತ್ತೀರಾ?

4. ಕಂಪ್ಯೂಟರ್ ಸೆಟ್ಟಿಂಗ್ ರೇಟಿನಲ್ಲೇ ಸೇರಿದೆಯೇ?

5. ರಾತ್ರಿ ಹತ್ತಕ್ಕೆ ತಾಳಿಕೋಟಿ ರಸ್ತೆಯಲ್ಲಿ ಗಾಡಿ ನಿಂತರೆ ರಿಪೇರಿ ಯಾರು ಮಾಡುತ್ತಾರೆ?

ಐದನೆಯದಕ್ಕೆ ಉತ್ತರ ಸಿಗದಿದ್ದರೆ ಮೊದಲ ನಾಲ್ಕಕ್ಕೆ ಎಂಥ ಉತ್ತರ ಸಿಕ್ಕರೂ ಪ್ರಯೋಜನವಿಲ್ಲ.

ತಮ್ಮನ ಗಾಡಿಗೆ ಏನಾಯಿತು?

"ಮೊದ್ಲ ಇದ್ದದ್ದು ಎಲ್ಲಿ ಹೋಗ್ಯಾದ ಹುಡುಕೋಣು" ಅಂದೆ. ಇಬ್ಬರೂ ಊರಿನ ಹಳೇ ಮಿಸ್ತ್ರಿ ಹತ್ತಿರ ಹೋದೆವು. ಏರ್ ಫಿಲ್ಟರ್ ತೆಗೆದರೆ ಎರೆಮಣ್ಣಿನ ಧೂಳು ಕಟ್ಟಿ ಹಲಗೆಯಂತಾಗಿತ್ತು. ಪ್ಲಗ್ ಸವೆದಿದ್ದವು. ಟೈರಿನಲ್ಲಿ ಗಾಳಿ ಕಡಿಮೆ. ಆಯಿಲ್ ಬದಲಿಸಿ ಎಷ್ಟು ದಿನವಾಯಿತು ಅಂದರೆ ತಮ್ಮ ಮುಖ ಬೇರೆ ಕಡೆ ತಿರುಗಿಸಿದ. ಆಯಿಲ್ ತಡ ಮಾಡಿದರೆ ಮೊದಲು ಸವೆಯುವ ಜಾಗಗಳಲ್ಲಿ ಕ್ಯಾಮಿನ ಉಬ್ಬೂ ಒಂದು. ಹೊಸ ಕ್ಯಾಮ್ ಕೇಳುವವನು ಇದ್ದ ಕ್ಯಾಮನ್ನೇ ತೇಯುತ್ತಿದ್ದ! ಕಂಪ್ರೆಷನ್ ಪರೀಕ್ಷೆ ಮಾಡಿಸಿದೆವು, ಪುಣ್ಯಕ್ಕೆ ನಾಲ್ಕೂ ಸಿಲಿಂಡರ್ ಸರಿ ಇದ್ದವು.

ಫಿಲ್ಟರ್, ಪ್ಲಗ್, ಆಯಿಲ್, ಬ್ರೇಕ್ ಪ್ಯಾಡ್ ಎಲ್ಲ ಬದಲಿಸಿದ್ದಾಯಿತು. ಖರ್ಚು ಎತ್ತಿನ ರೊಕ್ಕ ಹಾಗಿರಲಿ, ಒಂದು ಆಡಿನ ರೊಕ್ಕವೂ ಆಗಲಿಲ್ಲ. ವಾಪಸ್ ಬರುವಾಗ ಝಳಕಿ ಕ್ರಾಸ್ ದಾಟಿ ತಮ್ಮ ತಾನೇ ಅಂದ, "ಅಣ್ಣಾ, ಗಾಡಿ ಜಗ್ಗಾಕತ್ತದ."

ಈ ಹುಡುಗರ ಆಸೆಯನ್ನು ನಗೆಯಾಡಬೇಡಿ. ಎಂಜಿನ್ ಬಿಚ್ಚಿ ನೋಡಬೇಕು ಅನ್ನುವ ಹುಡುಗನಲ್ಲಿ ಒಳ್ಳೆಯ ಮಿಸ್ತ್ರಿಯೊಬ್ಬ ಇದ್ದಾನೆ. ವೇಗದ ಹುಚ್ಚಿದ್ದವರಿಗೆ ನಮ್ಮ ರಾಜ್ಯದಲ್ಲೇ ಕೆ-1000 ರ‍್ಯಾಲಿ ನಡೆಯುತ್ತದೆ, ಕೊಯಮತ್ತೂರಿನಲ್ಲಿ ರೇಸಿನ ಟ್ರ್ಯಾಕ್ ಇದೆ. ಒಮ್ಮೆ ಹೋಗಿ ನೋಡಿ ಬರಲಿ. ಅಲ್ಲಿ ರೇಸಿನ ಕ್ಯಾಮಿಗೆ ಕೆಲಸವಿದೆ.

ತಮ್ಮ ಇನ್ನೂ ರೀಲ್ಸ್ ನೋಡುತ್ತಾನೆ. ಆದರೆ ಹೋದ ವಾರ ರಾತ್ರಿ ಒಂದೂವರೆಗೆ ಪಕ್ಕದ ಮನೆಯ ಹೆಣ್ಣುಮಗಳನ್ನು ಹೆರಿಗೆಗೆ ಕರೆದೊಯ್ಯುವಾಗ ಗಾಡಿ ಒಂದೇ ಸೆಲ್ಫಿಗೆ ಚಾಲೂ ಆಯಿತಂತೆ. ಅದನ್ನು ಹೇಳಲಿಕ್ಕೇ ಬೆಳಿಗ್ಗೆ ಫೋನ್ ಮಾಡಿದ್ದ.