ಸತ್ತ ಹಣದ ಲೆಕ್ಕ

ಹಣ ಕೊಟ್ಟ ವರ್ಷದ ಖಾತೆಗೇ ಖರ್ಚನ್ನು ಬರೆಯಬೇಕೆಂಬುದು ಸರ್ಕಾರಿ ಕಚೇರಿಯ ನಮ್ಮಂಥವರಿಗೆ ಉಸಿರಾಟದಷ್ಟೇ ಸಹಜ. ಮಾರ್ಚ್ 31ರ ಸಂಜೆ ಅದನ್ನು ಮರೆಯಲು ಬಿಡುವುದೂ ಇಲ್ಲ. ಅಮೆರಿಕದ ಎನ್‌ಎಫ್‌ಎಲ್‌ನಲ್ಲಿ, ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆ ಫುಟ್‌ಬಾಲಿನಲ್ಲಿ, ಹಾಗಲ್ಲ. ಅಲ್ಲಿ ಕೊಟ್ಟ ವರ್ಷ ಒಂದು, ಬರೆಯುವ ವರ್ಷ ಇನ್ನೊಂದು.

1994ರಲ್ಲಿ ಆರಂಭವಾದ ಸ್ಯಾಲರಿ ಕ್ಯಾಪ್ ಆಗ ತಂಡವೊಂದಕ್ಕೆ ಸುಮಾರು 3.46 ಕೋಟಿ ಡಾಲರ್ ಇತ್ತು. 2024ಕ್ಕೆ ಅದು 25.54 ಕೋಟಿ. ಗ್ರೀನ್ ಬೇಯಂತಹ ಸಣ್ಣ ಊರಿನ ತಂಡ ನ್ಯೂಯಾರ್ಕಿನ ತಂಡಗಳಿಗೆ ಸಮನಾಗಿ ನಿಲ್ಲುವುದರಲ್ಲಿ ಈ ಮಿತಿಯ ಪಾಲಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ತೊಡಕಿರುವುದು ಲೆಕ್ಕ ಬರೆಯುವ ಬಗೆಯಲ್ಲಿ. ಸಹಿಯೊಂದಿಗೆ ಕೊಡುವ ಬೋನಸ್ಸನ್ನು ಹೆಚ್ಚೆಂದರೆ ಐದು ವರ್ಷಗಳಿಗೆ ಸಮನಾಗಿ ಹಂಚಿ ಬರೆಯಬಹುದು. 5 ಕೋಟಿ ಕೊಟ್ಟರೆ ವರ್ಷಕ್ಕೆ 1 ಕೋಟಿ. ಎರಡು ವರ್ಷಗಳ ನಂತರ ಆಟಗಾರನನ್ನು ಕೈಬಿಟ್ಟರೆ, ಬರೆಯದೆ ಉಳಿದ 3 ಕೋಟಿ ತಂಡದ ಮಿತಿಯೊಳಕ್ಕೇ ಬಂದು ಬೀಳುತ್ತದೆ. ಅದಕ್ಕೆ ಅವರಿಟ್ಟ ಹೆಸರು ‘ಡೆಡ್ ಮನಿ’, ಸತ್ತ ಹಣ.

ಡೆನ್ವರ್ ತಂಡ 2022ರಲ್ಲಿ ರಸೆಲ್ ವಿಲ್ಸನ್ ಅವರೊಡನೆ 24 ಕೋಟಿ ಡಾಲರಿಗೂ ಮೀರಿದ ಐದು ವರ್ಷಗಳ ವಿಸ್ತರಣೆ ಮಾಡಿಕೊಂಡು, 2024ರ ಮಾರ್ಚಿನಲ್ಲಿ ಅವರನ್ನು ಕೈಬಿಟ್ಟಿತು. ಬೋನಸ್ಸೂ ಖಾತರಿಯ ಸಂಬಳವೂ ಸೇರಿ ಸುಮಾರು 8.5 ಕೋಟಿ ಸತ್ತ ಹಣವಾಗಿ ಎರಡು ವರ್ಷಗಳ ಲೆಕ್ಕದಲ್ಲಿ ಹಂಚಿಹೋಯಿತು. ವಿಲ್ಸನ್ ಅವರಿಗೇನೂ ನಷ್ಟವಿಲ್ಲ. ಅವರು ಕನಿಷ್ಠ ವೇತನಕ್ಕೆ ಪಿಟ್ಸ್‌ಬರ್ಗ್ ಸೇರಿದರು, ಉಳಿದದ್ದನ್ನು ಡೆನ್ವರೇ ಕೊಟ್ಟಿತು.

ನಷ್ಟವಾದದ್ದು ಜಸ್ಟಿನ್ ಸಿಮನ್ಸ್ ಅವರಿಗೆ. ಹಿಂದಿನ ಋತುವಿನಲ್ಲಷ್ಟೇ ಪ್ರೊ ಬೌಲ್ ಗೌರವಕ್ಕೆ ಪಾತ್ರರಾಗಿದ್ದ ಈ ರಕ್ಷಣಾ ಆಟಗಾರನನ್ನು ಡೆನ್ವರ್ ಅದೇ ವಾರ ಬಿಟ್ಟುಕೊಟ್ಟಿತು. ಮಿತಿಯಲ್ಲಿ ಉಳಿದದ್ದು ಸುಮಾರು 1.45 ಕೋಟಿ. ವಯಸ್ಸು ಮೂವತ್ತು, ಸಂಬಳ ದೊಡ್ಡದು, ಆ ವರ್ಷದ್ದು ಖಾತರಿಯಿಲ್ಲದ್ದು: ಲೆಕ್ಕದವರ ಕತ್ತರಿಗೆ ಇಷ್ಟು ಸಾಕು. ಅಟ್ಲಾಂಟಾ ಅವರನ್ನು ಕರೆದದ್ದು ಆಗಸ್ಟಿನಲ್ಲಿ. ಹೆಸರು ಗೊತ್ತಿರುವವರ ಪಾಡು ಇದು. ಹೆಸರಿಲ್ಲದವರನ್ನು ಹಲವೊಮ್ಮೆ ಆಗಸ್ಟ್ ಕೂಡ ಕರೆಯುವುದಿಲ್ಲ. ಅವರ ಜಾಗಕ್ಕೆ ಬರುವ ಹೊಸಬನ ಸಂಬಳವನ್ನು ಲೀಗಿನ ನಿಯಮವೇ ನಾಲ್ಕು ವರ್ಷಗಳ ಮಟ್ಟಿಗೆ ಅಗ್ಗವಾಗಿ ಕಟ್ಟಿಹಾಕಿರುತ್ತದೆ. ಕನಿಷ್ಠ ವೇತನದ ಹಿರಿಯ ಆಟಗಾರನ ಸಂಬಳದಲ್ಲಿ ಒಂದು ಭಾಗವನ್ನು ಮಿತಿಯ ಲೆಕ್ಕದಿಂದ ಹೊರಗಿಡುವ ರಿಯಾಯಿತಿಯೊಂದು ಲೀಗಿನಲ್ಲಿದೆ. ಲೆಕ್ಕವೇ ಹಿರಿಯರನ್ನು ಹೊರಹಾಕುತ್ತಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನಮಗೆ ಬೇಕಿಲ್ಲ.

ಮಿತಿಯಿದ್ದರೆ ಖಾತರಿ ಸಾಧ್ಯವಿಲ್ಲವೆಂಬ ವಾದವನ್ನು ನಾವು ಒಪ್ಪುವುದಿಲ್ಲ. ಬ್ಯಾಸ್ಕೆಟ್‌ಬಾಲಿನ ಎನ್‌ಬಿಎಯಲ್ಲಿಯೂ ಮಿತಿಯಿದೆ. ಅಲ್ಲಿನ ಬಹುಪಾಲು ಒಪ್ಪಂದಗಳು ಖಾತರಿಯವೇ. ಫುಟ್‌ಬಾಲಿನಲ್ಲಿ ಗಾಯಗಳು ಹೆಚ್ಚು, ಆದ್ದರಿಂದ ಮಾಲೀಕರಿಗೆ ಅಪಾಯ ಹೆಚ್ಚು ಎನ್ನುವರು. ಮೊಣಕಾಲು ಮುರಿಯುವುದು ಮಾಲೀಕರದ್ದಲ್ಲವಲ್ಲ! ಬೋನಸ್ಸನ್ನು ಐದು ವರ್ಷಗಳಿಗೆ ಹರಡಿ ಬರೆಯುವ ಅನುಕೂಲ ತಂಡಕ್ಕೆ ಇರುವುದಾದರೆ, ಕೊನೆಯ ಪಕ್ಷ ಮೂರು ವರ್ಷಗಳ ಸಂಬಳದ ಭರವಸೆ ಆಟಗಾರನಿಗೂ ಇರಬೇಕು. ಈಗಿನ ಸಾಮೂಹಿಕ ಒಪ್ಪಂದ 2030ರ ಋತುವಿನವರೆಗೆ ಇದೆ. ಅದರ ಮುಂದಿನ ಮಾತುಕತೆಯಲ್ಲಿ ಆಟಗಾರರ ಸಂಘ ಮಿತಿಯ ಮೊತ್ತಕ್ಕಿಂತ ಮೊದಲು ಕೇಳಬೇಕಾದದ್ದು ಇದನ್ನು.