ಅಣುವಿನ ಆಕಾರ ಅರಿಯುವ ವಿದ್ಯೆಗೆ ಬಲ ಬೇಕು

ತಕ್ಷಣದ ಲಾಭ ತೋರದ ಸಂಶೋಧನೆಗೆ ಹಣವೇಕೆ ಎಂದು ಕೇಳುವವರು ಮೈಕ್ರೋವೇವ್ ರೋಹಿತ ವಿಜ್ಞಾನದತ್ತ ನೋಡಬೇಕು. ಅನಿಲ ಸ್ಥಿತಿಯಲ್ಲಿ ಅಣುಗಳು ಬುಗುರಿಯಂತೆ ತಿರುಗುತ್ತಿರುತ್ತವೆ. ಅವು ಯಾವ ಆವರ್ತಾಂಕದ ಅಲೆಗಳನ್ನು ಹೀರುತ್ತವೆ ಎಂಬುದು ಅವುಗಳ ದ್ರವ್ಯರಾಶಿ ಹಂಚಿಕೊಂಡಿರುವ ಬಗೆಯನ್ನು ಅವಲಂಬಿಸಿದೆ. ಹೀಗಾಗಿ ಈ ಹೀರುವಿಕೆ ಮೂಡಿಸುವ ರೋಹಿತದ ಗೆರೆಗಳಿಂದಲೇ ಅಣುವಿನ ಆಕಾರವನ್ನು ಲೆಕ್ಕಹಾಕಬಹುದು.

ಮುಂದೆ ನೊಬೆಲ್ ಪಡೆದ ರಾಬರ್ಟ್ ಕರ್ಲ್ ಹಾಗೂ ಸಹೋದ್ಯೋಗಿ ಪೆನ್ 1971ರಲ್ಲಿ ಅಮೈನೋಎಥನಾಲ್ ಅಣುವನ್ನು ಹೀಗೆ ಪರಿಶೀಲಿಸಿದರು. ಅದು ನೆಟ್ಟಗೆ ಚಾಚಿಕೊಂಡಿರಲಿಲ್ಲ, ಬಾಗಿತ್ತು. ಆಮ್ಲಜನಕಕ್ಕೆ ಅಂಟಿದ ಜಲಜನಕ ಅದೇ ಅಣುವಿನ ಸಾರಜನಕದತ್ತ ವಾಲಿ ಒಳಬಂಧ ಕಟ್ಟಿತ್ತು. ಪ್ರೋಟೀನ್‌ಗಳು ತಮ್ಮ ರೂಪಕ್ಕೆ ಮಡಚಿಕೊಳ್ಳುವುದಕ್ಕೂ ಇಂಥ ಜಲಜನಕ ಬಂಧಗಳ ಆಸರೆ ಬೇಕು. ಈ ಅರಿವಿಲ್ಲದೆ ಜೀವರಸಾಯನ ವಿಜ್ಞಾನ ಮುಂದೆ ಸಾಗದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಥ ರೋಹಿತಮಾಪಕ ಕಟ್ಟಿ ದುಡಿದವರು ಪ್ರೊ. ಇ. ಅರುಣನ್. ಅವರ ನೇತೃತ್ವದ ಅಂತರರಾಷ್ಟ್ರೀಯ ತಂಡ ರೂಪಿಸಿದ ಜಲಜನಕ ಬಂಧದ ಹೊಸ ವ್ಯಾಖ್ಯೆಯನ್ನು ರಸಾಯನ ವಿಜ್ಞಾನದ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಪಿಎಸಿ 2011ರಲ್ಲಿ ಪ್ರಕಟಿಸಿತು. ಇದು ನಾಡಿಗೆ ಹೆಮ್ಮೆ.

ಆದರೆ ಹೆಮ್ಮೆಯೊಂದೇ ಸಾಲದು. ಉಪಕರಣ ಕಟ್ಟಿ ಪಳಗಿಸಲು ವರ್ಷಗಳೇ ಬೇಕಾದ ಕೆಲಸ ತುಂಡು ಅನುದಾನದಲ್ಲಿ ನಡೆಯದು. ಮೂಲವಿಜ್ಞಾನಕ್ಕೆ ಸರ್ಕಾರ ದೀರ್ಘಾವಧಿ ನೆರವಿನ ಖಾತರಿ ನೀಡಲಿ. ರಾಜ್ಯದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೂ ಇಂಥ ಪ್ರಯೋಗಾಲಯಗಳಲ್ಲಿ ಕಲಿಯುವ ಅವಕಾಶ ಸಿಗಲಿ.